ತುಕ್ಕು ಹಿಡಿಯದ ಲೋಹ

ಗುರುದತ್ತನು ಕಳ್ಳನಾಗಲು ನಿಶ್ಚಯಿಸಿದ್ದು ಹಣದ ಆಸೆಯಿಂದಲ್ಲ, ಒಂದು ಹೊಗಳಿಕೆಯಿಂದ. ವಿಶಾಖಪಟ್ಟಣದ ಬ್ಯಾಂಕಿನಲ್ಲಿ ಅವನ ಮೇಲಧಿಕಾರಿಯಾಗಿದ್ದ ಕೃಷ್ಣಪ್ರಸಾದರು ನಿವೃತ್ತರಾದ ದಿನ, ಬೀಳ್ಕೊಡುಗೆಯ ಸಭೆಯಲ್ಲಿ ಪ್ರತಿಯೊಬ್ಬರ ಕುರಿತೂ ಒಂದೊಂದು ಒಳ್ಳೆಯ ಮಾತನಾಡುತ್ತ ಬಂದರು. ಗುರುದತ್ತನ ಸರದಿ ಬಂದಾಗ ಹೊದಿಸಿದ್ದ ಶಾಲನ್ನು ಸರಿಪಡಿಸಿಕೊಂಡು, ತಮ್ಮ ಬಳ್ಳಾರಿಯ ಕನ್ನಡದಲ್ಲಿ ಹೇಳಿದರು: "ತಿಜೋರಿ ಬೀಗದಕೈ ಇವನ ಕೈಯಾಗ ಕೊಟ್ಟು ನಾನು ನಿಶ್ಚಿಂತಿಯಿಂದ ಮಲಗೀನಿ. ಕದಿಯಾಕ ಕಲ್ಪನಾಶಕ್ತಿ ಬೇಕು ನೋಡ್ರಿ. ಅದು ಇವನ ಹತ್ರ ಇಲ್ಲ!"

ಸಭೆಯಲ್ಲಿದ್ದ ನಾಲ್ಕಾರು ಕನ್ನಡಿಗರು ನಕ್ಕರು. ಕೃಷ್ಣಪ್ರಸಾದರು ಅದನ್ನೇ ತೆಲುಗಿನಲ್ಲಿ ಹೇಳಿದ ಮೇಲೆ ಉಳಿದವರೆಲ್ಲ ನಕ್ಕರು. ಗುರುದತ್ತ ಎರಡು ಸಲವೂ ನಕ್ಕ. ನಕ್ಕು ಮನೆಗೆ ಬಂದು, ಗಾಜುವಾಕದ ಬಾಡಿಗೆಯ ಮನೆಯ ಕಿಟಕಿಯ ಬಳಿ ಕುಳಿತು, ತನಗೆ ಕಲ್ಪನಾಶಕ್ತಿ ಇದೆಯೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿದ.

ಆ ಯೋಚನೆ ಹಣ್ಣಾಗಲು ಎರಡು ವರ್ಷ ಬೇಕಾಯಿತು. 2007ರ ಬೇಸಗೆಯಲ್ಲಿ ವಿಜಯವಾಡದ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಅವನಿಗೊಂದು ಸುದ್ದಿ ಸಿಕ್ಕಿತು. ಆ ಊರಿನಲ್ಲೇ ನೆಲೆಸಿದ್ದ ಕೃಷ್ಣಪ್ರಸಾದರು ಮಂಗಳಗಿರಿಯ ತಮ್ಮ ನಿವೇಶನವನ್ನು ಮಾರಿದ್ದರು. ಆ ಹಣ, ನಿವೃತ್ತಿಯ ಹಣ ಎಲ್ಲವೂ ಒಂದೇ ಖಾತೆಯಲ್ಲಿ ನಿದ್ರಿಸುತ್ತಿದ್ದವು. ದಂಪತಿಗಳ ಮುಂದಿನ ಬದುಕೆಲ್ಲ ಅದರ ಮೇಲೆಯೇ ನಿಂತಿತ್ತು. ಆದರೆ ಷೇರುಪೇಟೆ ಏರುತ್ತಿದ್ದ ಆ ದಿನಗಳಲ್ಲಿ, ಜೀವಮಾನವಿಡೀ ಇತರರಿಗೆ ಸಾಲ ಕೊಟ್ಟ ಆ ಜಾಣರಿಗೆ ತಮ್ಮ ಹಣ ಮಾತ್ರ ಮಲಗಿರುವುದು ಅವಮಾನವೆನಿಸಿತ್ತು.

ಆ ಹಣವನ್ನು ಎಬ್ಬಿಸಿ ತನ್ನ ಕಡೆಗೆ ತರಬಲ್ಲ ವಿಷಯವನ್ನು ಹುಡುಕಲು ಗುರುದತ್ತ ದೂರ ಹೋಗಬೇಕಾಗಲಿಲ್ಲ. ವಿಶಾಖಪಟ್ಟಣದಲ್ಲಿ ನೌಕಾಪಡೆಯ ಹಡಗುಗಳು ದಿಗಂತದಲ್ಲಿ ನಿಂತೇ ಇರುತ್ತವೆ. ಬಸ್ಸಿನಲ್ಲಿ ಪಕ್ಕದವನು ಕೂಡ ಜಲಾಂತರ್ಗಾಮಿಯ ಮಾತನ್ನು ದನಿ ತಗ್ಗಿಸಿ ಆಡುತ್ತಾನೆ. ಆ ತಗ್ಗಿದ ದನಿಯೇ ಬಂಡವಾಳವೆಂದು ಗುರುದತ್ತನಿಗೆ ಹೊಳೆಯಿತು. ಸಕ್ಕರೆ ಕಾರ್ಖಾನೆಯ ಷೇರು ಮಾರಿದರೆ ಕೊಳ್ಳುವವನು ಕಾರ್ಖಾನೆಯನ್ನು ನೋಡಬೇಕೆನ್ನುತ್ತಾನೆ. ರಕ್ಷಣೆಗೆ ಸಂಬಂಧಿಸಿದ್ದಾದರೆ, ನೋಡಲು ಬಿಡದಿರುವುದೇ ಅದರ ಸತ್ಯಕ್ಕೆ ಸಾಕ್ಷಿ.

ಹೀಗೆ 'ಸಾಗರಕವಚ' ಎಂಬ ಕಂಪನಿ ಅವನ ತಲೆಯಲ್ಲಿ ಹುಟ್ಟಿತು. ಅದು ಹಡಗು ಕಟ್ಟುವುದಿಲ್ಲ. ಹಡಗಿನ ಭಾಗಗಳಿಗೆ ಬೇಕಾದ ಟೈಟೇನಿಯಂ ಎಂಬ ಲೋಹದ ಕಚ್ಚಾ ಸರಕನ್ನು ಒದಗಿಸುತ್ತದೆ. ಕರಾವಳಿಯ ಕರಿಮರಳಿನಿಂದ ತೆಗೆದ ಆ ಲೋಹ ಮೊದಲು ತೂತುತೂತಾದ ಬೂದುಬಣ್ಣದ ಉಂಡೆಯ ರೂಪದಲ್ಲಿರುತ್ತದೆ; ಅದನ್ನು ಸ್ಪಂಜು ಎನ್ನುತ್ತಾರೆ. ಇಷ್ಟನ್ನು ಅವನು ಸಾಲದ ಅರ್ಜಿಗಳಿಂದ ಕಲಿತಿದ್ದ. ಉಳಿದುದನ್ನು ಕಲ್ಪಿಸಿಕೊಂಡ. ಕಂಪನಿಯ ಹೆಸರಿನಲ್ಲಿ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದ. ಷೇರುಪತ್ರಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿಕೊಂಡ. ಮೊದಲನೆಯದನ್ನು ತನ್ನ ಹೆಸರಿಗೇ ಬರೆದುಕೊಂಡ.

ಯೋಜನೆಯ ಸೊಗಸು ಇದ್ದುದು ಅದರ ಕೊನೆಯಲ್ಲಿ. ಅವನು ಓಡಿಹೋಗುವುದಿಲ್ಲ. ಒಂದು ವರ್ಷ ಕಳೆದ ಮೇಲೆ, ದೇಶದ ಹಿತದೃಷ್ಟಿಯಿಂದ ನೌಕಾಪಡೆಯ ಗುತ್ತಿಗೆ ರದ್ದಾಗಿದೆ ಎಂಬ ಸುದ್ದಿ ಬರುತ್ತದೆ. ಕಂಪನಿ ಮುಳುಗುತ್ತದೆ. ಹಣ ಕಳೆದುಕೊಂಡ ಗುರುದತ್ತ, ಹಣ ಕಳೆದುಕೊಂಡ ಕೃಷ್ಣಪ್ರಸಾದರ ಮನೆಗೆ ಹೋಗಿ ಅವರ ಜೊತೆ ಕುಳಿತು ನಿಟ್ಟುಸಿರು ಬಿಡುತ್ತಾನೆ. ಅವರು ಅವನನ್ನು ಸಮಾಧಾನಪಡಿಸುತ್ತಾರೆ. ಕಳವಾಗಿದೆ ಎಂಬುದೇ ತಿಳಿಯದವನು ಕಳ್ಳನನ್ನು ಹುಡುಕುವುದೆಲ್ಲಿ? ಈ ಏರ್ಪಾಡಿನಲ್ಲಿ ಗುರುದತ್ತನಿಗೆ ಕಂಡ ಕೊರತೆ ಒಂದೇ: ಇದನ್ನು ನೋಡಿ ಮೆಚ್ಚುವವರು ಯಾರೂ ಇರುವುದಿಲ್ಲ.

ವಿಜಯವಾಡದ ಅವರ ಮನೆಯಲ್ಲಿ ನಡೆದ ಮೊದಲ ಭೇಟಿಯಲ್ಲಿ ಅವನು ಏನನ್ನೂ ಮಾರಲಿಲ್ಲ. ಮಾತಿನ ನಡುವೆ 'ಸಾಗರಕವಚ' ಎಂದು ಅರ್ಧ ಹೇಳಿ, ನಾಲಿಗೆ ಕಚ್ಚಿಕೊಂಡ. ಕೃಷ್ಣಪ್ರಸಾದರು ಹಿಡಿದುಕೊಂಡರು.

"ಏಮಯ್ಯಾ, ಅರ್ಧ ನುಂಗಿದಿ? ಏನದು?"

"ಏನಿಲ್ಲ ಸರ್. ನಾನು ಹೇಳ್ಲಿಲ್ಲ, ನೀವು ಕೇಳ್ಲಿಲ್ಲ ಅಂದ್ಕೊಂಡ್ಬಿಡಿ."

"ನನ್ನ ಹತ್ರ ಕಲಿತಾವ ನನಗ ಮುಚ್ಚಿಡ್ತೀಯಾ?"

ಮೂರನೆಯ ಭೇಟಿಯ ಹೊತ್ತಿಗೆ ಅವರು ಬೇಡುವ ಸ್ಥಿತಿಗೆ ಬಂದಿದ್ದರು. ಆಗ ಗುರುದತ್ತ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ತತ್ತ್ವವನ್ನು ವಿವರಿಸಿದ: "ಎಲ್ರೂ ಹಡಗು ಕಟ್ಟೋ ಕಂಪನಿ ಷೇರು ತಗೋತಾರೆ ಸರ್. ಹಡಗು ತಡವಾದ್ರೆ ಅವರಿಗೆ ನಷ್ಟ. ಲೋಹ ಕೊಟ್ಟೋನಿಗೇನು? ಹಡಗು ತೇಲಿದ್ರೂ ಅವನ ಬಿಲ್ಲು ಪಾಸು, ಮುಳುಗಿದ್ರೂ ಪಾಸು."

"ಅಂದ್ರ ಬೀಗರೂಟದಾಗ ಅಡಿಗಿಯವನಿಗಿಂತ ಅಕ್ಕಿ ಅಂಗಡಿಯವ ಜಾಣ ಅಂತೀ," ಎಂದು ಕೃಷ್ಣಪ್ರಸಾದರು ತೊಡೆ ತಟ್ಟಿದರು. "ಒಂದು ಮಾತು, ನೌಕಾಪಡಿಯಾಗ ನನಗ ಗುರ್ತಿನವರು ಅದಾರ. ವಿಚಾರಿಸಲೇನು?"

"ವಿಚಾರಿಸ್ಬಹುದು ಸರ್. ಆಮೇಲೆ ಅವರು ನಿಮ್ಮನ್ನ ವಿಚಾರಿಸ್ತಾರೆ. ಇದು ನಿಮಗೆ ಹೇಗೆ ಗೊತ್ತಾಯ್ತು ಅಂತ."

ಕೃಷ್ಣಪ್ರಸಾದರು ಟೆಲಿಫೋನಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಸಾಮಾನ್ಯನಾದವನು ನಿಲ್ಲಿಸುತ್ತಿದ್ದ. ಆದರೆ ಕಲ್ಪನಾಶಕ್ತಿಯುಳ್ಳವನಿಗೆ ಕಾಗದ ಸಾಲದು. ಕೈಗೆ ಸಿಗುವಂಥದೊಂದು ವಸ್ತು ಬೇಕು. ಗಾಜುವಾಕದ ರಸ್ತೆಯುಬ್ಬಿನ ಬಳಿ, ಸಣ್ಣ ಕುಲುಮೆಗಳಿಗೆ ಸ್ಪಂಜು ಕಬ್ಬಿಣ ಸಾಗಿಸುವ ಲಾರಿಗಳು ಕುಲುಕಿದಾಗಲೆಲ್ಲ ಒಂದೆರಡು ಉಂಡೆಗಳು ಉದುರುತ್ತಿದ್ದವು. ಅವೂ ಬೂದುಬಣ್ಣ, ಅವೂ ತೂತುತೂತು. ನಿಂಬೆಹಣ್ಣಿನ ಗಾತ್ರದ ಒಂದನ್ನು ಗುರುದತ್ತ ಎತ್ತಿಕೊಂಡ. ಕಬ್ಬಿಣಕ್ಕೂ ಟೈಟೇನಿಯಮ್ಮಿಗೂ ಇರುವ ವ್ಯತ್ಯಾಸವನ್ನು ಅವನು ಮರೆಯಲಿಲ್ಲ. ಗಾಳಿಯ ತೇವ ತಾಗಿದರೆ ಇದು ತನ್ನ ಕುಲವನ್ನು ಹೇಳಿಬಿಡುತ್ತದೆ. ಆದ್ದರಿಂದ ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅದನ್ನಿಟ್ಟು, ತೇವ ಹೀರುವ ಪುಡಿಯ ಪೊಟ್ಟಣ ಸೇರಿಸಿ, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿದ. ಅಯಸ್ಕಾಂತದ ಅಪಾಯವನ್ನೂ ಅವನು ಎಣಿಸಿದ್ದ. ಕೃಷ್ಣಪ್ರಸಾದರ ಫ್ರಿಜ್ಜಿನ ಬಾಗಿಲಿನ ಮೇಲೆ ಅಂಟುಬೊಂಬೆಗಳಿಲ್ಲವೆಂಬುದನ್ನು ನೀರು ಕುಡಿಯುವ ನೆಪದಲ್ಲಿ ನೋಡಿಕೊಂಡು ಬಂದಿದ್ದ.

ಡಬ್ಬಿ ಮೇಜಿನ ಮೇಲೆ ಕುಳಿತಾಗ ಕೃಷ್ಣಪ್ರಸಾದರು ಕನ್ನಡಕವನ್ನು ಒರೆಸಿಕೊಂಡು ನೋಡಿದರು.

"ಸಾವಿರ ವರ್ಷ ಸಮುದ್ರದ ತಳದಲ್ಲಿಟ್ರೂ ತುಕ್ಕು ಹಿಡಿಯಲ್ಲ ಸರ್. ಅದೇ ಇದರ ಮಹಿಮೆ. ಮನೆಗೆ ಲಕ್ಷ್ಮಿ ತರೋ ಕಲ್ಲಿದು," ಎಂದ ಗುರುದತ್ತ.

ಅವರ ಪತ್ನಿ ಅನ್ನಪೂರ್ಣಮ್ಮನವರೂ ಬಂದು ನೋಡಿದರು. ಮನೆಗೆ ಹೊಸ ಕುಕ್ಕರ್ ಬಂದರೂ ಅರಿಶಿನ ಕುಂಕುಮ ಹಚ್ಚಿಯೇ ಒಲೆಗಿಡುವ ಆ ಹಿರಿಯಾಕೆಯನ್ನು ಗುರುದತ್ತ ತನ್ನ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಅವರು ಒಳ್ಳೆಯ ಕಾಫಿ ಮಾಡುತ್ತಿದ್ದರು, ಪ್ರಶ್ನೆ ಕೇಳುತ್ತಿರಲಿಲ್ಲ. ಅಂದು ಮಾತ್ರ ಒಂದು ಕೇಳಿದರು.

"ಮನಿಗೆ ಲಕ್ಷ್ಮಿ ತರೋ ಕಲ್ಲು ಅಂತೀಯಲ್ಲಪ್ಪಾ, ದೇವರ ಮುಂದ ಇಡಬಹುದಾ?"

ಗುರುದತ್ತ ಒಳಗೊಳಗೇ ಕುಣಿದ. ದೇವರ ಕೋಣೆಗಿಂತ ಸುರಕ್ಷಿತವಾದ ತಾಣ ಇನ್ನಾವುದು? ಅಲ್ಲಿರುವುದೆಲ್ಲ ಬೆಳ್ಳಿ, ಹಿತ್ತಾಳೆ. ಅಲ್ಲಿ ಕೈಹಾಕಿ ಪರೀಕ್ಷಿಸುವವರೂ ಇಲ್ಲ. "ಧಾರಾಳವಾಗಿ ಇಡಿ ಅಮ್ಮ," ಎಂದ. ಅವರು ಕಾಫಿಗೆಂದು ಒಳಗೆ ಹೋದ ಮೇಲೆ ಕೃಷ್ಣಪ್ರಸಾದರ ಕಡೆ ಬಾಗಿ ಎಚ್ಚರಿಸಿದ: "ಮುದ್ರೆ ಮಾತ್ರ ಒಡೀಬಾರದು ಸರ್. ಸರ್ಕಾರಿ ನಿಯಮ." ನಿಯಮವೆಂದರೆ ಪ್ರಾಣ ಬಿಡುವ ಅವರು ಗಂಭೀರವಾಗಿ ತಲೆಯಾಡಿಸಿದರು.

ಹಣ ಕೊಡುವ ದಿನವನ್ನು ಅನ್ನಪೂರ್ಣಮ್ಮನವರೇ ಆರಿಸಿದರು: ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ. ಗುರುದತ್ತ ರೈಲಿಳಿದು, ತಾಂಬೂಲಕ್ಕೆ ಹೊರಟ ಹೆಂಗಸರ ರೇಷ್ಮೆ ಸೀರೆಗಳ ನಡುವೆ ಆಟೋ ಹಿಡಿದು, ಮಲ್ಲಿಗೆಯ ದಂಡೆಯೊಂದನ್ನು ಕೊಂಡೇ ಬಂದ. ಕೃಷ್ಣಪ್ರಸಾದರು ಹೊಸ ಪಂಚೆಯುಟ್ಟು ಕಾಯುತ್ತಿದ್ದರು. ಎದುರಿಗೆ ಚೆಕ್ ಪುಸ್ತಕ, ಪಕ್ಕದಲ್ಲಿ ಷೇರುಪತ್ರ. ಅದರ ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದರು, ಮುದ್ರೆಯನ್ನು ಬೆಳಕಿಗೆ ಹಿಡಿದರು, ಖಾತೆಯ ಹೆಸರನ್ನು ಎರಡು ಸಲ ತಾಳೆ ನೋಡಿದರು. ಎಲ್ಲಿಯೂ ದೋಷವಿರಲಿಲ್ಲ. ದೋಷವಿರಬಾರದೆಂದು ಅವರಿಂದಲೇ ಕಲಿತಿದ್ದನಲ್ಲ!

"ಗುರುದತ್ತಾ," ಎಂದರು ಪೆನ್ನಿನ ಟೊಪ್ಪಿಗೆ ತೆಗೆಯುತ್ತ, "ಅವತ್ತು ಸಭಾದಾಗ ನಿನ್ನ ಬಗ್ಗೆ ಒಂದು ಮಾತು ಅಂದಿದ್ದೆ. ಮನಸಿನಾಗ ಇಟ್ಟುಕೊಂಡಿಲ್ಲ ಹೌದಲ್ಲೋ?"

"ಯಾವ ಮಾತು ಸರ್?" ಎಂದ ಗುರುದತ್ತ.

"ನಿಲ್ರೀ, ಸಹಿಗಿಂತ ಮೊದ್ಲು ತೀರ್ಥ," ಎಂದು ಅನ್ನಪೂರ್ಣಮ್ಮನವರು ಬೆಳ್ಳಿಯ ಬಟ್ಟಲು ಹಿಡಿದು ಬಂದರು. ಗುರುದತ್ತ ವಿನಯದಿಂದ ಅಂಗೈ ಒಡ್ಡಿದ. ಉದ್ಧರಣೆಯಿಂದ ಅದರೊಳಗೆ ಬಿದ್ದದ್ದು ಕಾವಿಯಂತೆ ಕೆಂಪಗಿತ್ತು. "ಹೊಸಾ ಲಕ್ಷ್ಮಿಗೆ ಶ್ರಾವಣ ಹಿಡಿದಾಗಿಂದ ದಿನಾ ಅಭಿಷೇಕ ಮಾಡೀನಿ," ಎಂದರು ಆಕೆ, ಕಣ್ಣಲ್ಲಿ ಹೊಳಪು ತುಂಬಿಕೊಂಡು. "ಡಬ್ಯಾಗ ಕುಂತ ದೇವರಿಗೆ ನೀರು ಹೆಂಗ ಹಾಕಲಿ? ಅರಗು ಕೆತ್ತಿ ತೆಗೆದೆ. ಇಷ್ಟು ದಿನ ತುಳಸಿಗೆ ಹಾಕತಿದ್ದೆ, ಹಬ್ಬ ಅಂತ ಇವತ್ತು ತೀರ್ಥ ಇಟ್ಟೀನಿ. ನೋಡ್ರಿ, ತಾಯಿ ಕುಂಕುಮಾನ ಬಿಡಾಕತ್ಯಾಳ!" ಕೃಷ್ಣಪ್ರಸಾದರು ತಮ್ಮ ಅಂಗೈಗೂ ಬಿದ್ದ ತೀರ್ಥವನ್ನು ಮೂಗಿನ ಬಳಿ ತಂದು, ಹಳೆಯ ಬಾವಿಯ ರಾಟೆಯ ವಾಸನೆಯನ್ನು ಒಮ್ಮೆ ಆಳವಾಗಿ ಎಳೆದುಕೊಂಡರು. ಪೆನ್ನಿಗೆ ಟೊಪ್ಪಿಗೆ ಹಾಕಿದರು. ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿ, ಟೆಲಿಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಮೊದಲ ಬಾರಿಗೆ ತಮ್ಮ ಶಿಷ್ಯನನ್ನು ಮೆಚ್ಚುಗೆಯಿಂದ ನೋಡಿದರು. "ನಿನಗ ಕಲ್ಪನಾಶಕ್ತಿ ಇಲ್ಲಂದಿದ್ದು ನನ್ನದೇ ತಪ್ಪಪ್ಪಾ," ಎಂದರು. "ಕುಡಿ, ಕುಡಿ. ಸಾವಿರ ವರ್ಷದ ತೀರ್ಥ, ಚೆಲ್ಲಬಾರದು."