ಕೊನೆಯ ನಾಲ್ಕು ಸಾಲು

"ಈ ಅಂಕಣ ಬರೆಯೋನಿಗೆ ಮರ್ಯಾದೆ ಬೇರೆ ಕೇಡು," ಎಂದು ಪೇಂಟರ್ ಆ ದಿನದ ಪತ್ರಿಕೆಯನ್ನು ಮೇಜಿನ ಮೇಲೆ ಎಸೆದ. "ಗೋಲ್‌ಕೀಪರ್ ಮನೆಗೆ ಹೋಗಲಿ ಅಂತ ಬರೀತಾನಲ್ಲ, ಜೀವನದಲ್ಲಿ ಒಂದು ಸಲ ಬಾಲ್ ಒದ್ದಿದಾನಾ?"

"ನೀನು ಒದ್ದಿದೀಯಾ?" ಎಂದರು ನಿವೃತ್ತ ಮೇಷ್ಟ್ರು. "ಹೋದ ವರ್ಷ ಅವನು ಕೋಚ್‌ಗೆ ಬೈದಾಗ ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸಿದ್ದೆ."

"ಆಗ ಸರಿಯಾಗಿ ಬೈದಿದ್ದ, ಮೇಷ್ಟ್ರೇ."

ಮೈದಾನದ ಎದುರಿನ ಆ ಟೀ ಅಂಗಡಿಯೆಲ್ಲ ನಕ್ಕಿತು. ಬಾಗಿಲ ಬಳಿ ನಿಂತಿದ್ದ ಅವಳಿಗೆ ಮಾತ್ರ ನಗು ಬರಲಿಲ್ಲ.

ಆ ಪತ್ರಿಕೆಯ ಕ್ರೀಡಾ ಪುಟ ಕಟ್ಟುವವಳು ಅವಳೇ. ಹಿಂದಿನ ದಿನ, ಭಾನುವಾರ, ಕೊನೇ ಗಳಿಗೆಯಲ್ಲಿ ಆ ಗೋಲ್‌ಕೀಪರ್ ಆಡುವ ಕ್ಲಬ್‌ನ ಜಾಹೀರಾತು ಬಂದಿತ್ತು. ಜಾಗ ಸಾಲದೆ, ಎಲ್ಲರೂ ಮಾಡುವ ಹಾಗೆ, ಓದದೆಯೇ ಫುಟ್‌ಬಾಲ್ ಅಂಕಣದ ಕೊನೆಯ ನಾಲ್ಕು ಸಾಲು ತೆಗೆದಿದ್ದಳು.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೂಲ ಬರಹ ಓದಿದಾಗಲೇ ತಪ್ಪು ತಿಳಿದದ್ದು. ಗೋಲ್‌ಕೀಪರ್ ಹುಡುಗನ ಎಡಗೈ ಬೆರಳು ಮುರಿದಿದೆ, ಪಟ್ಟಿ ಸುತ್ತಿ ಆಡಿಸುತ್ತಿದ್ದಾರೆ. ಅವನು ಮನೆಗೆ ಹೋಗಿ ವಾಸಿಮಾಡಿಕೊಳ್ಳಲಿ, ಆಡಿಸಿದವರು ಉತ್ತರ ಕೊಡಲಿ... ಇದಿಷ್ಟೂ ಆ ನಾಲ್ಕು ಸಾಲಿನಲ್ಲಿತ್ತು.

"ನೀವು ಹೇಳಿ ಸಾರ್," ಎಂದು ಪೇಂಟರ್ ಮೂಲೆಯಲ್ಲಿದ್ದ ಬೋಳುತಲೆಯವನನ್ನು ಕೇಳಿದ. "ಇಂಥ ಬಾಯಿಬಡುಕನಿಗೆ ಮರ್ಯಾದೆ ಕೊಡಬೇಕಾ?"

"ಕೊಡದಿದ್ರೂ ನಡೆಯತ್ತೆ. ಆ ಹುಡುಗನ ಎಡಗೈ ಒಂದು ಸಲ ನೋಡಿ, ಸಾಕು."

ಆ ದನಿ... ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ "ಎಷ್ಟು ಸಾಲು ಬೇಕು? ನಿಮ್ಮ ಊಟ ಆಯ್ತಾ?" ಎಂದು ಕೇಳುವ ದನಿ. ಮುಖ ಕಂಡದ್ದು ಇಂದೇ. ಅಂಕಣದ ಮೇಲಿನ ಹಳೆಯ ಚಿತ್ರದಲ್ಲಿ ತಲೆತುಂಬ ಕೂದಲಿತ್ತು.

"ಒಂದು ಟೀ," ಎಂದಳು ಅಂಗಡಿಯವನಿಗೆ.

ಅಂಕಣಕಾರ ಥಟ್ಟನೆ ತಿರುಗಿದ. ಅವನಿಗೂ ದನಿಯ ಗುರುತು ಸಿಕ್ಕಿತು. ತನ್ನ ಸ್ಟೂಲನ್ನು ಅವಳತ್ತ ಸರಿಸಿ, ಹೊರಟುಹೋದ.

'ಆ ಸಾಲು ಸಂಪಾದಕರು ತೆಗೆಸಿದ್ದು ಅಂದುಕೊಂಡಿರಬೇಕು... ನಾನೇ ಅಂತ ಗೊತ್ತಾದರೆ ಆ ಫೋನ್ ಇನ್ನು ಬರುವುದಿಲ್ಲ.'

ಈ ಭಯಕ್ಕೆ ಮೂರು ದಿನ ಅವಳು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅಭಿಮಾನಿಗಳು ಕಚೇರಿಯ ಮುಂದೆ ಪತ್ರಿಕೆ ಸುಟ್ಟರು. ಅವರ ಕೋಪ ತಣಿಸಲು ನಾಲ್ಕನೆಯ ದಿನ ಅಂಕಣಕಾರನನ್ನು ಕೆಲಸದಿಂದ ತೆಗೆದರು.

ಆಗ ಅವಳು ಸಂಪಾದಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. "ಆ ನಾಲ್ಕು ಸಾಲು ನಾಳೆ ಹಾಕೋಣ ಸಾರ್. ನನ್ನ ತಪ್ಪು ಅಂತಲೇ ಹಾಕಿ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಂಗೆ ಗೊತ್ತಮ್ಮ. ಮೊದಲ ದಿನವೇ ಅವನು ಬಂದಿದ್ದ, ಪುಟ ಕಟ್ಟಿದವರ ತಂಟೆಗೆ ಹೋಗಬೇಡಿ ಅಂತ ಹೇಳೋಕೆ. ಈಗ ಹಾಕಿದ್ರೆ ಕ್ಲಬ್‌ನವರು ಸುಮ್ಮನಿರಲ್ಲ, ಜನವೂ ನಂಬಲ್ಲ. ಮುಗೀತು, ಬಿಡು."

ಅವಳು ಹುಡುಕಿಕೊಂಡು ಹೋದಾಗ ಅಂಕಣಕಾರ ಮೈದಾನದ ಬೇಲಿ ಹಿಡಿದು ಅಭ್ಯಾಸ ನೋಡುತ್ತಿದ್ದ. ಹುಡುಗ ಅದೇ ಎಡಗೈಯಲ್ಲಿ ಚೆಂಡು ತಡೆಯುತ್ತಿದ್ದ. ಪ್ರತಿ ಸಲವೂ ಮುಖ ಕಿವುಚುತ್ತಿದ್ದ.

"ನಾನೇ ತೆಗೆದದ್ದು," ಎಂದಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಬೈಸಿಕೊಂಡು ನಂಗೆ ಅಭ್ಯಾಸ ಇದೆ. ನಿಮಗಿಲ್ಲ."

"ಎಲ್ಲರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳ್ತೀರಿ. ನನಗೂ ಹೇಳಿ. ಕೋಪ ಇಲ್ವಾ?"

"ಇದೆ. ಓದದೆ ತೆಗೆದಿರಲ್ಲ, ಅದಕ್ಕೆ." ಅವಳತ್ತ ತಿರುಗಿದ. "ಎರಡು ವರ್ಷದಿಂದ ನಿಮ್ಮ ಮೇಲೆ ಪ್ರೀತಿನೂ ಇದೆ. ಎರಡೂ ನಿಜ. ಆದ್ರೆ ಈಗ ಕೆಲಸ ಇಲ್ಲ, ಹೆಸರೂ ಕೆಟ್ಟಿದೆ. ಇನ್ನು ಯಾವ ಪತ್ರಿಕೆಯೂ ನನ್ನ ಕರೆಯಲ್ಲ. ಎಲ್ಲ ಸರಿಹೋಗತ್ತೆ ಅಂತ ಸುಳ್ಳು ಹೇಳೋಕೆ ಆಗಲ್ಲ."

ಅವಳ ಕಣ್ಣು ತುಂಬಿತು. ಅಲ್ಲಿ ಹುಡುಗ ಮತ್ತೆ ಬಿದ್ದ. ಈ ಸಲ ಏಳುವುದು ತಡವಾಯಿತು. ಯಾರೂ ಹತ್ತಿರ ಬರಲಿಲ್ಲ.

"ಹೇಳಬೇಡಿ," ಎಂದು ಅವನ ಕೈಮೇಲೆ ಕೈಯಿಟ್ಟಳು. "ಸರಿಹೋಗದಿದ್ರೂ ನಿಮ್ಮ ಪಕ್ಕ ನಿಲ್ಲಬಹುದಾ?"

"ನಿಂತ್ರೆ ನಿಮಗೂ ಬೈತಾರೆ."

"ಬೈಯಲಿ."

ಅವನು ಒಂದು ಹೆಜ್ಜೆ ಸರಿದು, ಬಿಸಿಲಿಗೆ ಅಡ್ಡವಾಗಿ ನಿಂತ.

"ಹಾಗಾದ್ರೆ ಈ ಕಡೆ ಬಾ," ಎಂದ. "ಇಲ್ಲಿ ನೆರಳಿದೆ."