ಪಟ್ಟಿಯಲ್ಲಿ ಏಳನೆಯದು

ಹೊಲಿಗೆ ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ದಫೇದಾರನ ಚಹಾ ಠಾಣೆಯ ಡೈರಿಯ ಮೇಲೆ ಚೆಲ್ಲಿತು.

"ಇದೇ ಯಂತ್ರ," ಎಂದಳು ಹೆಂಗಸು. "ಇಂಥವು ಇನ್ನೂರ ಹದಿನಾಲ್ಕು ಮಾರಿಸಿಕೊಟ್ಟಿದ್ದೀನಿ. ನನಗೆ ದಕ್ಕಿದ್ದು ಸೊನ್ನೆ."

ಜೂನ್ ಒಂಬತ್ತು, ಬೆಳಿಗ್ಗೆ ಹತ್ತು ಇಪ್ಪತ್ತು. ಯಂತ್ರ ರಿಪೇರಿ ಅವಳ ಕಸುಬು. ಬೆರಳ ಸಂದಿಯ ಎಣ್ಣೆಮಸಿ ದೂರಿನ ಹಾಳೆಗೂ ಹತ್ತಿತ್ತು.

"ಮಾರಿಸಿಕೊಟ್ಟೆ ಅಂದ್ರೆ?" ದಫೇದಾರ ಡೈರಿ ಒರೆಸುತ್ತ ಕೇಳಿದ.

"ಅಫಿಲಿಯೇಟ್ ಅಂತಾರೆ. ಯಂತ್ರ ಬಿಚ್ಚಿ ಜೋಡಿಸೋದನ್ನ ವಿಡಿಯೋ ಮಾಡ್ತೀನಿ, ಕೆಳಗೆ ಕಂಪನಿಯ ಲಿಂಕ್ ಹಾಕ್ತೀನಿ. ಅದನ್ನ ಒತ್ತಿ ಯಾರಾದ್ರೂ ಕೊಂಡ್ರೆ ಕಂಪನಿ ನನಗೆ ಕಮಿಷನ್ ಕೊಡಬೇಕು."

"ದಲ್ಲಾಳಿ ಕೆಲಸ ಅನ್ನು."

"ಅನ್ನಿ ಅಣ್ಣ. ದುಡ್ಡು ಬಂದಿದ್ರೆ ನಾನೂ ಅಂತಿದ್ದೆ."

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದ. ಇಂಟರ್ನೆಟ್ಟಿನ ದೂರು ಅವನ ಪಾಲಿಗೆ ಹೊಗೆಗೆ ಹಗ್ಗ ಕಟ್ಟುವ ಕೆಲಸ. ಹೋದ ವರ್ಷದ ಹದಿನೇಳು ದೂರುಗಳಲ್ಲಿ ಒಂದೂ ಚಾರ್ಜ್‌ಶೀಟ್ ಕಂಡಿರಲಿಲ್ಲ.

"ಸೇರೋಕೆ ಮುಂಚೆ ವಿಚಾರಿಸಬಾರದಿತ್ತಾ ಅಮ್ಮ?"

"ವಿಚಾರಿಸದೆ ಸೇರಿದ್ನಾ ಸಾರ್?" ಅವಳು ಮೊಬೈಲ್ ಮುಂದೆ ಹಿಡಿದಳು. "ಎರಡು ತಿಂಗಳು ಓದಿದೆ. ಸೇರೋಕೇ ದುಡ್ಡು ಕೇಳಿದ್ರೆ ಬೇಡ. ಕಮಿಷನ್ ಯಾವತ್ತು ಕೊಡ್ತೀವಿ ಅಂತ ಬರೆದು ಹಾಕದಿದ್ರೆ ಬೇಡ. ನಾವೇ ಬಳಸಿ ನೋಡದ ಸಾಮಾನು ಬೇಡ. ಇದೆಲ್ಲ 'ಪಟ್ಟಿ ಮೇಷ್ಟ್ರು' ಹೇಳಿಕೊಟ್ಟಿದ್ದೇ, ನಂಬಬಹುದಾದ ಕಂಪನಿಗಳ ಪಟ್ಟಿ ಇಂಟರ್ನೆಟ್ಟಲ್ಲಿ ಹಾಕ್ತಾರಲ್ಲ, ಅವರು."

ಪರದೆಯ ಮೇಲೆ ಹತ್ತು ಕಂಪನಿಗಳ ಪಟ್ಟಿಯಿತ್ತು. ಮೇಲೆ ದಪ್ಪ ಅಕ್ಷರದಲ್ಲಿ: 'ಮೂರು ತಿಂಗಳು ನಾನೇ ಸೇರಿ, ಕಮಿಷನ್ ಕೈಗೆ ಬಂದ ಮೇಲೆಯೇ ಪಟ್ಟಿಗೆ.' ಏಳನೆಯದು ಹೊಲಿಗೆ ಯಂತ್ರದ ಕಂಪನಿ.

"ನವೆಂಬರ್ ಹದಿನೆಂಟಕ್ಕೆ ಸೇರಿದೆ. ವಿಡಿಯೋಗೆ ಹೊತ್ತು ಸಾಲದೆ ರಿಪೇರಿ ಅಂಗಡಿ ಬಿಟ್ಟುಕೊಟ್ಟೆ. ಈಗಲ್ಲಿ ಮೊಬೈಲ್ ಕವರ್ ಮಾರ್ತಾರೆ." ಅವಳು ಯಂತ್ರದ ಚಕ್ರವನ್ನು ಸುಮ್ಮನೆ ತಿರುಗಿಸಿದಳು. "ಆ ಕಂಪನಿಯವರನ್ನ ಹಿಡೀರಿ ಸಾರ್. ಒಬ್ಬನ ಮುಖವನ್ನಾದ್ರೂ ನೋಡಬೇಕು ನಾನು."

ವಂಚನೆಯೆಂದು ಎಫ್‌ಐಆರ್ ದಾಖಲಾಯಿತು, ಸಂಖ್ಯೆ 143.

ಜೂನ್ ಹನ್ನೊಂದರಂದು ಇನ್‌ಸ್ಪೆಕ್ಟರ್ ಮತ್ತು ದಫೇದಾರ ಕಂಪನಿಯ ವಿಳಾಸ ಹುಡುಕಿ ಮೂರು ಮಹಡಿ ಹತ್ತಿದರು. ಅದು ಅಂಚೆ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಕೋಣೆ. ಗೋಡೆ ತುಂಬ ಪುಟ್ಟ ಪುಟ್ಟ ತಗಡಿನ ಬಾಗಿಲುಗಳು. ಕಂಪನಿಯ ಹೆಸರಿನಲ್ಲಿದ್ದ ನಲವತ್ತೊಂದನೆಯದನ್ನು ತೆರೆಸಿದಾಗ ಒಳಗೆ ಸತ್ತ ಜಿರಲೆಯೊಂದು ಅಂಗಾತ ಬಿದ್ದಿತ್ತು.

"ಆಡಳಿತ ಮಂಡಳಿ ಸಿಕ್ತು ಸಾರ್," ಎಂದ ದಫೇದಾರ.

ಬ್ಯಾಂಕಿನಲ್ಲೂ ಅಷ್ಟೇ. ಖಾತೆ ಏಪ್ರಿಲ್‌ನಲ್ಲೇ ಬರಿದಾಗಿತ್ತು. ಖಾತೆದಾರ ಸತ್ತು ಮೂರು ವರ್ಷ ಕಳೆದಿತ್ತು. ಆದರೆ ಆ ಖಾತೆಯಿಂದ ಕಮಿಷನ್ ಹೋಗಿದ್ದು ಒಬ್ಬನಿಗೆ, ಒಬ್ಬನಿಗೇ. ಅವನು ಪಟ್ಟಿ ಮೇಷ್ಟ್ರು.

ಜೂನ್ ಹದಿನಾಲ್ಕು, ಸಂಜೆ ನಾಲ್ಕು. ಮೇಷ್ಟ್ರ ಮನೆ ಎಂದರೆ ಎರಡು ಕೋಣೆ. ಗೋಡೆಗೊರಗಿದ ಕಪಾಟಿನಲ್ಲಿ ದೀಪ, ಇಸ್ತ್ರಿಪೆಟ್ಟಿಗೆ, ಬೂಟು; ಒಂದೊಂದಕ್ಕೂ ಪರೀಕ್ಷಿಸಿದ ತಾರೀಖಿನ ಚೀಟಿ. ಮುಚ್ಚಿಹೋದ ತಕ್ಕಡಿ ಕಾರ್ಖಾನೆಯೊಂದರಲ್ಲಿ ಅವನು ತೂಕ ಪರೀಕ್ಷಕನಾಗಿದ್ದನಂತೆ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ.

"ಯಾರಿಗೂ ಬರದ ಕಮಿಷನ್ ನಿಮಗೊಬ್ಬರಿಗೇ ಹೇಗೆ ಬಂತು ಮೇಷ್ಟ್ರೇ?"

"ನಿಯಮದ ಪ್ರಕಾರ ಬಂತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ನಡುವೆ ಬಾಯಿ ಹಾಕಿದಳು. "ಇವನಿಗೇನೋ ಬಂತಪ್ಪ. ನನಗೆಲ್ಲಿ ಬಂತು?"

"ಅಮ್ಮಾ, ಒಳಗೆ ಹೋಗು."

"ನಿಮಗೂ ಬರಬೇಕಿತ್ತಾ ಅಮ್ಮ?" ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದ.

"ಎಲ್ಲಾ ಕಡೆ ನನ್ನ ಹೆಸರಲ್ಲೂ ಸೇರ್ತಾನೆ. 'ಹೆಸರುವಾಸಿಯಾದ ನನಗೆ ಯಾರಾದ್ರೂ ಕೊಡ್ತಾರೆ, ನಿನ್ನಂಥ ಗುರುತಿಲ್ಲದವಳಿಗೂ ಕೊಟ್ರೇನೇ ಯೋಗ್ಯರು' ಅಂತಾನೆ. ಒಂಬತ್ತು ಕಡೆಯಿಂದ ಬಂತು. ಆ ಹೊಲಿಗೆ ಯಂತ್ರದವರು ಮಾತ್ರ ಕೈಯೆತ್ತಿದ್ರು. ಅವತ್ತಿಂದ ಇವನಿಗೆ ಊಟ ಸೇರಲ್ಲ ನೋಡು."

ದಫೇದಾರ ಕಪಾಟಿನಿಂದ ಉದ್ದನೆಯ ನೋಟ್‌ಬುಕ್ ತೆಗೆದ. ಏಳನೆಯ ಪುಟ. 'ಜುಲೈ 1: ಕಂಪನಿಯವರು ಮನೆಗೆ ಬಂದು ನನ್ನ ಪರೀಕ್ಷೆಯ ರೀತಿ ಕೇಳಿಕೊಂಡು ಹೋದರು. ಸೇರಿದೆ.' 'ಸೆಪ್ಟೆಂಬರ್ 30: ನನ್ನದು ಬಂತು. ಅಮ್ಮನದು ಮುಂದಿನ ತಿಂಗಳಂತೆ. ಜನ ಕೇಳುತ್ತಿದ್ದಾರೆ, ಪಟ್ಟಿಗೆ ಹಾಕಿದೆ.' ಅದರ ಕೆಳಗೆ: 'ನವೆಂಬರ್ 2: ಅಮ್ಮನದು ಇಲ್ಲ. ಇವರು ಯಾರಿಗೂ ಕೊಡುವುದಿಲ್ಲ.'

"ನವೆಂಬರ್ ಎರಡಕ್ಕೇ ಗೊತ್ತಾಗಿದೆ," ಎಂದ ಇನ್‌ಸ್ಪೆಕ್ಟರ್. " ಆಮೇಲೆ ಎಪ್ಪತ್ತಾರು ಜನ ನಿಮ್ಮ ಮಾತು ಕೇಳಿ ಸೇರಿದ್ದಾರೆ."

"ಕಂಪನಿಯವರು ನನಗೆ ಹಾಕಿದ ದುಡ್ಡು ಹಾಗೇ ಇದೆ. ಮುಟ್ಟಿಲ್ಲ."

"ಏಳನೆಯದನ್ನ ಅಳಿಸಲಿಲ್ಲ ಯಾಕೆ?"

ಮೇಷ್ಟ್ರು ಕಪಾಟಿನ ಚೀಟಿಗಳನ್ನು ನೋಡುತ್ತ ನಿಂತ. "ಒಂದನ್ನ ಅಳಿಸಿದ್ರೆ ಮಿಕ್ಕ ಒಂಬತ್ತನ್ನ ಯಾರು ನಂಬ್ತಾರೆ ಸಾರ್?"

ನೆರೆಮನೆಯ ಇಬ್ಬರನ್ನು ಪಂಚರಾಗಿ ಕರೆಸಿ, ಐದು ನಲವತ್ತಕ್ಕೆ ಪಂಚನಾಮೆ ಮುಗಿಸಿ, ನೋಟ್‌ಬುಕ್ ವಶಪಡಿಸಿಕೊಂಡು ಅವನನ್ನು ಬಂಧಿಸಿದರು. ಮೆಟ್ಟಿಲವರೆಗೂ ಬಂದ ತಾಯಿ ದಫೇದಾರನ ತೋಳು ಹಿಡಿದಳು. "ನಾನೇನಾದ್ರೂ ಆಡಬಾರದ್ದು ಆಡಿದ್ನಾ ಮಗಾ?" ದಫೇದಾರ ಬಗ್ಗಿ, ಸರಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಕಟ್ಟಿದ.

ಠಾಣೆಯ ಬೆಂಚಿನ ಮೇಲೆ ರಿಪೇರಿಯವಳು ಕಾದಿದ್ದಳು. ಇನ್‌ಸ್ಪೆಕ್ಟರ್ ಅವಳನ್ನೂ ಒಳಗೆ ಕರೆದು, ಮೇಷ್ಟ್ರ ಮುಂದೆ ಬಿಳಿ ಹಾಳೆ, ಪೆನ್ನು ಇಟ್ಟ.

"ಪಟ್ಟಿಗೆ ಹಾಕೋ ಮುಂಚೆ ಕಂಪನಿಯವರನ್ನ ಕಣ್ಣಾರೆ ಕಂಡವರು ನೀವೊಬ್ಬರೇ. ನಿಮ್ಮ ಪರೀಕ್ಷೆ ಹೇಗೆ ಅಂತ ತಿಳ್ಕೊಂಡೇ ನಿಮಗೆ ಮಾತ್ರ ಕೊಟ್ರು. ನವೆಂಬರ್ ಎರಡರವರೆಗೆ ನೀವೂ ಮೋಸಹೋಗಿದ್ರಿ. ಅಷ್ಟು ಬರೀರಿ, ಅವರನ್ನ ಗುರುತಿಸಿ. ಶಿಕ್ಷೆ ಬಿಟ್ಟು ಮಾಫಿ ಸಾಕ್ಷಿ ಮಾಡಿ ಅಂತ ಕೋರ್ಟನ್ನ ನಾನೇ ಕೇಳ್ತೀನಿ. ಅಮ್ಮನ ಹತ್ರ ಹೋಗಬಹುದು."

"ಮೊದಲಿಂದಲೂ ಗೊತ್ತಿತ್ತು ಅಂತ ಬರ್ಕೊಳ್ಳಿ."

"ಸುಳ್ಳು. ನಿಮ್ಮ ಕೈಬರಹವೇ ಬೇರೆ ಹೇಳುತ್ತೆ. ನೀವು ಹೀಗಂದ್ರೆ ಅವರು ಸಿಗಲ್ಲ ಮೇಷ್ಟ್ರೇ, ಯಾವತ್ತೂ ಸಿಗಲ್ಲ."

"ಕಳ್ಳ ಅಂತ ಬರ್ಕೊಳ್ಳಿ ಸಾರ್. ಕಳ್ಳನ ಪಟ್ಟಿಯಲ್ಲೂ ಒಂಬತ್ತು ಸರಿಯಿತ್ತು ಅಂತಾದ್ರೂ ಉಳಿಯುತ್ತೆ. ನನ್ನ ಅಳತೆಯೇ ತಪ್ಪಿತ್ತು ಅಂತ ನಾನೇ ಬರೆದುಕೊಟ್ರೆ ಒಂದೂ ಉಳಿಯಲ್ಲ."

ರಿಪೇರಿಯವಳು ಮುಂದೆ ಬಂದು, ಮಸಿ ಬೆರಳಿನಿಂದ ಪೆನ್ನನ್ನು ಅವನ ಕೈಯ ಹತ್ತಿರಕ್ಕೆ ಸರಿಸಿದಳು. "ನನ್ನ ದುಡ್ಡು ಹಾಳಾಗಲಿ ಮೇಷ್ಟ್ರೇ. ಒಬ್ಬನ ಮುಖ ಹೇಗಿತ್ತು ಅಂತ ಬರೀರಿ, ಸಾಕು. ನಿಮ್ಮನ್ನ ನಂಬಿದ್ದೆ."

ಮೇಷ್ಟ್ರು ಪೆನ್ನನ್ನು ಎತ್ತಿಕೊಂಡ. ಅದರ ಮುಚ್ಚಳ ಹಾಕಿ ಅವಳ ಕಡೆಗೇ ತಳ್ಳಿದ.

"ಇಲ್ಲಮ್ಮ. ಬರೆಯಲ್ಲ."