ಬದನಿಕೆ ಯಾಕೆ ಒಣಗಿತು?

ಸಾಲಗುಂದದಲ್ಲಿ ಬಸ್ಸಿಳಿದ ನಂದಿನಿಗೆ ಮೊದಲು ಕಂಡದ್ದು ಆಕಾಶ. ಅಲ್ಲಿ ಆಕಾಶ ಕಾಣಬಾರದಿತ್ತು.

ಕಾಲುವೆ ಪಕ್ಕದ ತೋಪಿನಲ್ಲಿ ಬೇವಿನ ಮರಗಳು ತಲೆಗೆ ತಲೆ ಕೂಡಿಸಿ ಚಪ್ಪರ ಹಾಕಿದಂತೆ ನಿಂತಿದ್ದವು. ಎಲ್ಲಕ್ಕೂ ಹಿರಿಯದು ಊರ ದೇವತೆ ಅಮ್ಮನ ಬೇವು. ಅಕ್ಕನ ಬಾಣಂತನಕ್ಕೆಂದು ನಂದಿನಿ ಮಸ್ಕಿಗೆ ಹೋಗುವಾಗ ಅದರ ನೆತ್ತಿ ತುಂಬಿಕೊಂಡಿತ್ತು. ಈಗ ಮೂಡಣದ ಅರ್ಧ ಬೋಳು. ಅಲ್ಲಿನ ಕೊಂಬೆಗಳಿಗೆ ಅಂಟಿಕೊಂಡು ಬೆಳೆದಿದ್ದ ಬದನಿಕೆಯ ಪೊದೆಗಳೂ ಒಣಗಿ ಜೋತುಬಿದ್ದಿದ್ದವು. ಅದರ ಹಣ್ಣಿಗೆ ಮುತ್ತುತ್ತಿದ್ದ ಪುಟ್ಟ ಹಕ್ಕಿಗಳ ಸದ್ದೇ ಇಲ್ಲ. ಬಿಸಿಲು ನೇರ ನೆಲಕ್ಕಿಳಿದು, ನೆರಳಿನ ತಂಪಿನಲ್ಲಿ ಎದ್ದಿದ್ದ ಶ್ರೀಗಂಧದ ಸಸಿಗಳು ಬಾಡಿದ್ದವು.

ಮರದ ಕೆಳಗೆ ಜನ. ಸಾ ಮಿಲ್ಲಿನ ದಾನಿಷ್ ಟೆಂಪೋದಿಂದ ಕೊಯ್ಯುವ ಮಷಿನ್ ಇಳಿಸುತ್ತಿದ್ದ. ಲಿಂಗಸುಗೂರಿನಿಂದ ಬಂದ ಫಾರೆಸ್ಟ್ ಗಾರ್ಡ್ ಅಂಬಪ್ಪ — ನಂದಿನಿಯ ಸೋದರಮಾವ — ಪಂಚನಾಮೆಗೆ ಪೆನ್ನು ತೆಗೆದಿದ್ದರು. ಸಹಿ ಬಿದ್ದರೆ ಸಂಜೆಯೊಳಗೆ ಮರ ನೆಲಕ್ಕೆ.

"ಮಾಮಾ, ಯಾಕ ಕಡಿಸಾಕತ್ತೀರಿ?"

"ರೋಗ ಬಡದೈತವ್ವ. ಊರೂರಾಗ ಬೇವು ಒಣಗ್ಯಾವ, ನೀ ನೋಡಿಲ್ಲೇನು?"

ಪಕ್ಕದ ಭತ್ತದ ಗದ್ದೆಯ ಅಮರಗುಂಡಪ್ಪ ಹೆಗಲ ಮೇಲಿನ ಟವೆಲ್ ಝಾಡಿಸಿದ. "ರೋಗರ ಅನ್ರಿ, ಈ ಶಾವಲಿ ಕುಡಗೋಲರ ಅನ್ರಿ. ದಿನಾ ಆಡಿಗೆ ಸೊಪ್ಪು ಸವರಿ ಸವರಿ ಕೊಂದಾನ. ಸತ್ತದ್ದು ಸತ್ತದ."

ಆಡು ಕಾಯುವ ಶಾವಲಿ ಕೊಂಬೆಗಳತ್ತ ಕೈ ತೋರಿಸಿದ. "ಧಣೇರ, ತೊಡಿಯಷ್ಟು ದಪ್ಪ ಕೊಂಬಿ ಒಣಗ್ಯಾವ. ಅದನ್ನ ತಿನ್ನಾಕ ನಾ ಆನಿ ಸಾಕೀನೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. ನಂದಿನಿ ನಗಲಿಲ್ಲ. ಡಿಗ್ರಿ ಮುಗಿದರೂ ಜನರ ಮುಖ ನೋಡಿದರೆ ಅವಳಿಗೆ ಮಾತು ಹೊರಡುವುದಿಲ್ಲ. ಹಾಗಾಗಿ ಮರದ ನೆತ್ತಿಯನ್ನೇ ನೋಡುತ್ತ ಕೇಳಿದಳು.

"ಶಾವಲಿ ಕಾಕಾ, ನೀವು ಯಾವ ಕಡೆ ಸವರ್ತೀರಿ?"

"ರಸ್ತಾ ಕಡೆ ಬೇಟಿ. ಆ ಕಡೆ ಗದ್ದಿಗೆ ಇಳಿದ್ರ ಧಣೇರು ನನ್ನ ಆಡಿನ ಕಾಲು ಮುರೀತಾರ."

ರಸ್ತೆಯ ಕಡೆ, ಪಡುವಣಕ್ಕೆ, ಸವರಿದ ಜಾಗದಲ್ಲೆಲ್ಲ ಎಳೆ ಚಿಗುರು. ಒಣಗಿದ ಕಡೆ ಕುಡಗೋಲಿನ ಒಂದು ಗುರುತೂ ಇಲ್ಲ.

"ದಾನಿಷಣ್ಣ, ಅರ್ಧ ಮರ ಸತ್ತರ ನಿಮಗ ಲಾಭ ಏನು?"

"ಅರ್ಧಾ? ಟೆಂಪೋ ಡೀಸೆಲ್ಲೂ ಹುಟ್ಟಂಗಿಲ್ಲ ತಂಗಿ. ಕೊಲ್ಲೋದಾದ್ರ ನಾ ಪೂರಾ ಕೊಲ್ತಿದ್ದೆ."

"ಅಮರಗುಂಡಪ್ಪನೋರ, ಈ ಅಂಚಿನ ಮಡ್ಯಾಗ ಭತ್ತ ಹೆಂಗ ಬರ್ತದ್ರಿ?"

"ನೆರಳಾಗ ಏನ್ ಬರ್ತದ, ಬರೀ ಜೊಳ್ಳು. ಉಳಿದದ್ದು ಗಿಣಿ ಪಾಲು." ತಟಕ್ಕನೆ ನಿಲ್ಲಿಸಿದ. "ಅಂಬಪ್ಪ, ನಿಮ್ಮ ಸೊಸಿಗೆ ಸಾಹೇಬ್ರ ಖುರ್ಚಿ ಹಾಕ್ಸೇನು?"

ಅಂಬಪ್ಪ ಪೆನ್ನಿನ ಮುಚ್ಚಳ ಹಾಕಿದರು. "ಕೇಳ್ಲಿ ಬಿಡ್ರಿ. ಮರ ಎಲ್ಲಿಗೂ ಓಡಂಗಿಲ್ಲ."

ನಂದಿನಿ ಕಾಂಡವನ್ನು ಸುತ್ತಿದಳು. ರಸ್ತೆಯ ಕಡೆ ಅಮ್ಮನ ಬೆಳ್ಳಿ ಕಣ್ಣು, ಅರಿಶಿಣ, ಕುಂಕುಮ. ಗದ್ದೆಯ ಕಡೆ, ಬೇರಿನ ಸ್ವಲ್ಪ ಮೇಲೆ, ಅಲ್ಲಲ್ಲಿ ವಿಭೂತಿಯ ಮೂರು ಗೆರೆ. ಎಲ್ಲರೂ ನೋಡಿದ್ದರು. ಪೂಜೆಯ ಗುರುತೆಂದು ಕೈಮುಗಿದಿದ್ದರು. ಅವಳು ಬೀಗದ ಕೈಯಿಂದ ಒಂದನ್ನು ಕೆರೆದಳು. ಮಣ್ಣಿನ ಬಿರಡೆ ಕಳಚಿ ಬಿತ್ತು. ಒಳಗೆ ಬೆರಳು ಹೋಗುವಷ್ಟು ತೂತು. ಗದ್ದೆಗೆ ಹೊಡೆಯುವ ಕಳೆನಾಶಕ ಎಣ್ಣೆಯ ಘಾಟು ಮೂಗಿಗೆ ಬಡಿಯಿತು.

"ನಿನಗ ಹೆಂಗ ಗೊತ್ತಾತು?" ಅಂಬಪ್ಪ ಕೇಳಿದರು.

"ಬದನಿಕಿ ಹೇಳ್ತು ಮಾಮಾ. ಅದು ಬೇವಲ್ಲ, ಬೇವಿನ ಮ್ಯಾಲೆ ಕುಂತು ಬೇವಿನ ನೀರು ಕುಡಿಯೋ ಬ್ಯಾರೆ ಗಿಡ. ಬೇವಿನ ರೋಗಕ್ಕ ಬೇವಿನ ಕುಡಿ ಒಣಗ್ತಾವ, ಬದನಿಕಿ ಹಸರ ಇರ್ತದ. ಮಸ್ಕಿಯಿಂದ ಬರೋವಾಗ ಕಿಟಕ್ಯಾಗ ನೋಡಿಕೋತ ಬಂದೀನಿ. ಇಲ್ಲಿ ಎರಡೂ ಸತ್ತಾವ. ಎರಡಕ್ಕೂ ಒಂದೇ ದಾರೀಲೆ ಹೋಗೋದು ಏನು? ನೀರು. ಆ ನೀರಾಗ ವಿಷ ಹಾಕ್ಯಾರ."

"ಯಾರು?"

"ಯಾವ ಅರ್ಧ ಸತ್ತದ ನೋಡ್ರಿ. ಗದ್ದಿ ಮ್ಯಾಲೆ ಚಾಚಿದ್ದ ಅರ್ಧ. ಆ ಕಡೆ ಬೇರಿನ ಮ್ಯಾಲೆ ತೂತು ಕೊರದ್ರ ಆ ಕಡೆ ಕೊಂಬಿಗೇ ಏರ್ತದ. ತೂತು ಕಾಣಬಾರದು ಅಂತ ಪೂಜಿ ಗುರ್ತು ಹಾಕ್ಯಾರ. ಆದ್ರ ಅಮ್ಮಗ ಅರಿಶಿಣ ಕುಂಕುಮ ಬಿಟ್ಟು ವಿಭೂತಿ ಯಾರು ಹಚ್ತಾರ? ದಿನಾ ಮುಂಜಾನಿ ತನ್ನ ಹಣಿಗೆ ಹಚ್ಚಿ ರೂಢಿ ಆದ ಕೈ ಅದನ್ನ ಹಚ್ಚೈತಿ."

ಎಲ್ಲರ ಕಣ್ಣು ಅಮರಗುಂಡಪ್ಪನ ಹಣೆಯ ವಿಭೂತಿಯ ಮೇಲೆ ನಿಂತವು. ಅವನ ಕೈ ತಾನಾಗಿ ಟವೆಲ್ಲಿನತ್ತ ಹೋಗಿ, ಅರ್ಧಕ್ಕೇ ಇಳಿಯಿತು.

"ಹೌದು. ನನ್ನ ಗದ್ದಿ ಮ್ಯಾಲಿನ ನೆರಳು ನಾ ತಗದೀನಿ. ಏನೀಗ? ಅರ್ಧ ಸತ್ತ ಮರ ಇಟ್ಟುಕೊಂಡು ಏನ್ ಮಾಡ್ತೀ? ಕಡೀಲೇ ದಾನಿಷ್."

ಆಗ ಮೊದಲ ಸಲ ನಂದಿನಿ ಅವನ ಮುಖವನ್ನೇ ನೋಡಿದಳು. ಕಣ್ಣು ಕದಲಿಸಲಿಲ್ಲ.

"ಮರದಾಗ ಹಸರೂ ಇರ್ತದ, ಒಣಗಿದ್ದೂ ಇರ್ತದ. ಆ ಒಣ ಕೊಂಬಿ ಪೊಟರ್ಯಾಗ ಗೂಗಿ ಮರಿ ಮಾಡ್ತದ. ನಿಮ್ಮ ಗದ್ದಿ ಇಲಿ ತಿನ್ನೋದು ಅದೇ. ಕಡಿಯೋದಾದ್ರ ನಾ ಇಲ್ಲೇ ಕುಂತಿರ್ತೀನಿ."

ಆ ತೂತುಗಳಿಗೇ ಬೆನ್ನು ಕೊಟ್ಟು ಕುಳಿತುಬಿಟ್ಟಳು. ಶಾವಲಿ ಬಂದು ಪಕ್ಕದಲ್ಲಿ ಕುಳಿತ. ದಾನಿಷ್ ಮಷಿನ್ನನ್ನು ಮತ್ತೆ ಟೆಂಪೋಗೆ ಏರಿಸಿದ.

ಅಂಬಪ್ಪ ಬರೆದ ಹಾಳೆ ಹರಿದು ಹೊಸದು ತೆಗೆದರು. "ಪೂರ್ತಿ ಹೆಸರು ಹೇಳ್ರಿ, ಅಮರಗುಂಡಪ್ಪನೋರ."

ಹೊತ್ತು ಪಡುವಣಕ್ಕೆ ವಾಲಿತ್ತು. ಬದುಕಿ ಉಳಿದ ಅರ್ಧ ನೆತ್ತಿಯ ನೆರಳು ನಂದಿನಿಯನ್ನು ದಾಟಿತು. ಬದುವನ್ನೂ ದಾಟಿ, ಅಂಚಿನ ಮಡಿಯ ಭತ್ತದ ಮೇಲೆ ಉದ್ದಕ್ಕೆ ಚಾಚಿಕೊಂಡಿತು.